ಎಡಗಡೆ ಕಂಡ ಸರೋವರ

ಟೌರಂಗಾ
೧೭ ಫೆಬ್ರವರಿ ೨೦೨೫

ಪ್ರಿಯ ಭೀಮಸೇನ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಎದ್ದೆ. ನನ್ನಾಕೆ ವಸಂತಾ ಎಂದಿನಂತೆ ಆಸ್ಪತ್ರೆಯ ಪಾಳಿ ಎಂದು ಓಡಾಡಿಕೊಂಡಿದ್ದಾಳೆ. ನನಗೆ ಮಾತ್ರ ಬೆಳಗ್ಗೆ ಏಳುವಾಗಲೇ ದಣಿವು.

ಕಳೆದ ತಿಂಗಳು ತನುಶ್ರೀಯನ್ನು ಕ್ಲಬ್ಬಿನ ಪುಟ್ಟ ಸೆಸ್ನಾ ವಿಮಾನದಲ್ಲಿ ಕೂರಿಸಿಕೊಂಡು ದಕ್ಷಿಣದ ಟೌಪೋ ಊರಿಗೆ ಹಾರಿದ್ದೆ. ಹದಿನೇಳರ ಮಗಳು ಅಪ್ಪನ ಜೊತೆ ಬರಲು ಒಪ್ಪಿದ್ದೇ ದೊಡ್ಡದು. ಹಿಂದಿನ ದಿನ ನಾನು ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಯಾವ ಗುರುತು ಎಷ್ಟನೇ ನಿಮಿಷಕ್ಕೆ ಕಾಣಬೇಕೆಂದು ಬರೆಯುತ್ತಿದ್ದರೆ ನಕ್ಕಳು.

"ಅಪ್ಪಾ, ಜಿಪಿಎಸ್ ಇದೆಯಲ್ಲ, ವೈ ಬಾದರ್?"

"ಎರಡೂ ಇರ್ಲಿ ಪುಟ್ಟಾ. ಒಂದು ತಪ್ಪಿದ್ರೆ ಇನ್ನೊಂದು ಹೇಳುತ್ತೆ."

ಜಕ್ಕೂರಿನಲ್ಲಿ ನಾವಿಬ್ಬರೂ ಹಾರಲು ಕಲಿಯುವಾಗ ಇದ್ದದ್ದು ಈ ಗೆರೆ, ಗಡಿಯಾರಗಳ ವಿದ್ಯೆಯೊಂದೇ ಅಲ್ಲವೇ?

ವಾಪಸು ಬರುವಾಗ ಬಿಸಿಲಿಗೆ ಕಾದು, ದಾರಿ ತೋರಿಸುತ್ತಿದ್ದ ಟ್ಯಾಬ್ಲೆಟ್ ಆರಿಹೋಯಿತು. ನಕ್ಷೆಯನ್ನು ಅವಳ ತೊಡೆಯ ಮೇಲಿಟ್ಟು, "ಇನ್ನು ನೀನೇ ದಾರಿ ಹೇಳು" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಆದರೂ ಗೆರೆಯ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಕೂತಳು. ಇಪ್ಪತ್ತನಾಲ್ಕನೇ ನಿಮಿಷಕ್ಕೆ ಕೂಗಿದಳು:

"ರೊಟೊರುವಾ ಲೇಕ್! ಬಟ್ ಅದು ಬಲಕ್ಕಿರ್ಬೇಕಿತ್ತು, ಎಡಕ್ಕಿದೆ!"

"ಅದೇ ಲೇಕ್ ಅಂತ ಹೇಗೆ ಗೊತ್ತು?"

"ಮಧ್ಯದಲ್ಲಿ ಐಲ್ಯಾಂಡ್ ಇದೆ. ಮ್ಯಾಪ್‌ನಲ್ಲೂ ಇದೆ."

ಪಶ್ಚಿಮದ ಗಾಳಿ ನಮ್ಮನ್ನು ಪೂರ್ವಕ್ಕೆ ತಳ್ಳಿಬಿಟ್ಟಿತ್ತು. ರೇಡಿಯೋದಲ್ಲಿ ಟವರ್‌ಗೆ ತಿಳಿಸಿ ಎಡಕ್ಕೆ ತಿರುಗಿಸಿದೆ. ಹದಿನೈದು ನಿಮಿಷ ಅವಳು ನಕ್ಷೆಯಿಂದ ಬೆರಳೆತ್ತದೆ ಒಂದೊಂದೇ ಗುರುತು ಓದಿ ಹೇಳಿದಳು. ಆಮೇಲೆ ಸಮುದ್ರ ಕಂಡಿತು, ನಮ್ಮೂರ ಬಂದರಿನ ಕ್ರೇನುಗಳು ಕಂಡವು.

ಇಳಿದ ಮೇಲೆ, "ಬೇಕಂತ್ಲೇ ನನ್ನ ಟೆಸ್ಟ್ ಮಾಡ್ತಿದ್ದೆ, ಅಲ್ವಾ?" ಎಂದಳು. ನಕ್ಕುಬಿಟ್ಟೆ. ಈಗ ಮತ್ತೆ ಹೋಗೋಣ ಎಂದು ಪೀಡಿಸುತ್ತಿದ್ದಾಳೆ. ಏನೋ ಕೆಲಸ ಹೇಳಿ ಮುಂದೂಡುತ್ತಿದ್ದೇನೆ.

ನಿನ್ನ ಮಂಡಿ ನೋವು ಹೇಗಿದೆ, ಬರೆ. ನಿಮ್ಮ ಮಗಳು ಶ್ರೀರಕ್ಷಾಗೂ ಅವಳ ಕೂಸಿಗೂ ನನ್ನ ಆಶೀರ್ವಾದ. ತಣ್ಣಗಿರಲಿ.

ನಿನ್ನ
ಶ್ರೀಪಾದ

ತಾ.ಕ.: ಅದು ಟೆಸ್ಟ್ ಆಗಿರಲಿಲ್ಲ ಭೀಮ. ನಕ್ಷೆಯ ಅಕ್ಷರ ನನಗೆ ಕಾಣಲೇ ಇಲ್ಲ. ಮನೆಯಲ್ಲಿ ಭೂತಗನ್ನಡಿ ಹಿಡಿದು, ಮೇಲೆ ಹೋದಾಗ ಟ್ಯಾಬ್ಲೆಟ್ಟಿನಲ್ಲಿ ದೊಡ್ಡದು ಮಾಡಿಕೊಂಡು, ವರ್ಷದಿಂದ ಹೇಗೋ ತಳ್ಳುತ್ತಿದ್ದೆ. ಹಾರಿ ಬಂದ ಮೇಲೆ ತೋರಿಸಿದರೆ, ಇದು ಇನ್ನು ಸರಿಹೋಗುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಗುರುವಾರ ಕ್ಲಬ್ಬಿಗೆ ವಿಮಾನದ ಬೀಗದ ಕೈ ಕೊಟ್ಟು ಬಂದೆ. ಮನೆಯಲ್ಲಿ ಹೇಳಿಲ್ಲ. ಹಾರುವುದು ನಿಂತಿತು ಎಂದು ಹೇಗೋ ಹೇಳಿಯೇನು. ಕಣ್ಣು ಸರಿಯಿಲ್ಲವೆಂದು ಗೊತ್ತಿದ್ದೂ ಮಗಳನ್ನು ಕೂರಿಸಿಕೊಂಡು ಹಾರಿದೆ ಎಂದು ಯಾವ ಬಾಯಲ್ಲಿ ಹೇಳಲಿ?