ಇಪ್ಪತ್ತೈದು ಡಿಗ್ರಿಯ ಕೋಣೆ

ಲಿಂಗಸುಗೂರು, ಫೆಬ್ರವರಿ 30, 2131. ಸಂಜೆ ಏಳು ಗಂಟೆ. ಇಡೀ ದಿನ ಖಾತರಿಕಟ್ಟೆಯಲ್ಲಿ ಕಳೆಯಿತು. ಕೆಲಸ ಆಗಲಿಲ್ಲ.

ನೂರು ವರ್ಷದ ಹಿಂದೆ ಗಾಡಿಯ ಬ್ಯಾಟರಿಗೆ ವಾರಂಟಿಯ ನಿಯಮ ಬರೆದವರಿಗೆ ದ್ಯಾವಮ್ಮನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಸ್ವಲ್ಪ ಕಡಿಮೆಯಾಗಲಿ ಎಂದು ಸರ್ಕಾರದವರು ಮೇ ತಿಂಗಳಿನ ಎರಡು ದಿನ ತೆಗೆದು ಫೆಬ್ರವರಿಗೆ ಕೊಟ್ಟಿದ್ದಾರೆ. ಬೇಸಿಗೆಗೆ ಅದು ತಿಳಿದಂತಿಲ್ಲ. ನಾನು ಏಳನೆಯ ತರಗತಿಯವರೆಗೆ ಓದಿದವಳು. ದಿನಚರಿ ಬರೆದು ರೂಢಿ, ಕಾಗದ ಬರೆದು ಅಲ್ಲ. ನಮ್ಮ ಕಾಲದ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ.

ನನ್ನ ಮನೆಯವರು, ಅಮರಪ್ಪ, ಬಾಡಿಗೆ ಗಾಡಿ ಓಡಿಸುತ್ತಿದ್ದರು. ಹನ್ನೊಂದರಿಂದ ನಾಲ್ಕರವರೆಗೆ ಊರೆಲ್ಲ ಬಾಗಿಲು ಹಾಕಿಕೊಂಡಿರುತ್ತದೆ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಹೋದ ವರ್ಷ ಅಂಥ ಹೊತ್ತಿನಲ್ಲೇ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಮುದಗಲ್ಲಿಗೆ ಬಿಟ್ಟು ಒಬ್ಬರೇ ಮರಳುತ್ತಿದ್ದರು. ಬಿಸಿಲಿಗೆ ಬ್ಯಾಟರಿ ಕೈಕೊಟ್ಟಿತು. ಗಾಡಿ ತಳ್ಳಿಕೊಂಡು ಬರಲು ನೋಡಿದ್ದಾರೆ. ಸಂಜೆ ಸಿಕ್ಕಾಗ ಅವರ ಕೈ ಇನ್ನೂ ಗಾಡಿಯ ಮೇಲೇ ಇತ್ತು. ಅಂದು ಹುಟ್ಟಿದ ಮಗು ಈಗ ಅಂಬೆಗಾಲಿಡುತ್ತದೆ.

ಬ್ಯಾಟರಿಯಲ್ಲಿ ದೋಷವಿಲ್ಲ, ಗಾಡಿಯನ್ನು ಚಾಲಕನೇ ನಿಲ್ಲಿಸಿದ್ದಾನೆ ಎಂದು ಕಂಪನಿ ತೀರ್ಮಾನಿಸಿತು. ಮರವಿಲ್ಲದ ಆ ದಾರಿಯಲ್ಲಿ, ಆ ಬಿಸಿಲಿನಲ್ಲಿ, ಯಾರಾದರೂ ತಾವಾಗಿ ಗಾಡಿ ನಿಲ್ಲಿಸುತ್ತಾರೆಯೇ? ನನಗೆ ಹೊಸ ಬ್ಯಾಟರಿ ಬೇಡ. ಆ ಒಂದು ಮಾತು ಅಳಿಸಿದರೆ ಸಾಕು.

ಖಾತರಿಕಟ್ಟೆ ಎಂದರೆ ಕೆಟ್ಟ ಬ್ಯಾಟರಿಗಳನ್ನು ಕಂಪನಿ ಪರೀಕ್ಷಿಸುವ ಕಚೇರಿ. ಪರೀಕ್ಷೆ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ, ಅಂದರೆ ಇಪ್ಪತ್ತೈದು ಡಿಗ್ರಿಯಲ್ಲಿ ನಡೆಯಬೇಕು ಎಂದು ನೀವು ಬರೆದ ಸಾಲನ್ನು ಇಂದಿಗೂ ಯಾರೂ ಬದಲಿಸಿಲ್ಲ. ಈ ಜಿಲ್ಲೆಯಲ್ಲಿ ಇಪ್ಪತ್ತೈದು ಡಿಗ್ರಿ ಇರುವುದು ಅದೊಂದೇ ಕೋಣೆಯಲ್ಲಿ. ಅಲ್ಲಿ ಸರದಿಗೆ ಕೂತ ಅರ್ಧ ಜನಕ್ಕೆ ದೂರೇ ಇಲ್ಲ, ತಂಪಿಗೆ ಬರುತ್ತಾರೆ. ಹುಲಿಗೆಮ್ಮ ಎಂಬ ಮುದುಕಿ ಅಕ್ಕಿ ಆರಿಸಲು ಮೊರ ಹಿಡಿದುಕೊಂಡೇ ಬರುತ್ತಾಳೆ. ಆ ತಂಪಿನಲ್ಲಿ ನಮ್ಮ ಬ್ಯಾಟರಿ ಪ್ರತಿ ಸಲವೂ ಸಾಧುವಾಗಿ ಓಡುತ್ತದೆ, ಮನೆಯಲ್ಲಿ ರಚ್ಚೆ ಹಿಡಿದು ಬೀಗರೆದುರು ನಗುವ ಕೂಸಿನ ಹಾಗೆ.

ಇಂದು ನನ್ನ ಸರದಿಯ ಹೊತ್ತಿಗೆ ಕೋಣೆಯ ತಂಪುಯಂತ್ರವೇ ನಿಂತಿತು. ಅದೂ ಇದೇ ಕಂಪನಿಯ ಬ್ಯಾಟರಿಯಿಂದ ನಡೆಯುವುದು. ನೋಡನೋಡುತ್ತ ಕೋಣೆ ಕಾದು ನಲವತ್ತು ದಾಟಿತು. ಮೇಜಿನ ಮೇಲೆ ನಮ್ಮ ಬ್ಯಾಟರಿಗೆ ಜೋಡಿಸಿದ್ದ ಚಕ್ರ ನಿಧಾನವಾಯಿತು, ಎಳೆದಾಡಿತು, ನಿಂತೇಬಿಟ್ಟಿತು. ಎಲ್ಲರೂ ನೋಡಿದರು. ಪರೀಕ್ಷಕ ಮೌಲಾಲಿಯೂ ನೋಡಿದ.

"ಬರಕೋಪ್ಪಾ," ಎಂದೆ.

ಅವನು ಗೋಡೆಯ ಉಷ್ಣಮಾಪಕ ನೋಡಿದ. "ನಿಂತದ್ದು ಖರೇನ ಅಕ್ಕಾ. ಆದ್ರ ಕೋಣಿ ಇಪ್ಪತ್ತೈದರಾಗ ಇಲ್ಲಲ್ಲ. ಹೆಂಗ ಬರೀಲಿ?"

"ಏನೋ ಮೌಲಾ," ಎಂದಳು ಹುಲಿಗೆಮ್ಮ, "ಬಿಸಿಲಿಗೆ ಸತ್ತವನ್ನ ತಣ್ಣಗ ಮಲಗಿಸಿ, ಎದ್ದು ಕೂಡ್ತಾನೇನಂತ ಕಾಯ್ತೀಯೇನು?"

"ಯಮ್ಮಾ, ನೀ ಸುಮ್ನ ಅಕ್ಕಿ ಆರಿಸು."

ಜನ ನಕ್ಕರು. ಆಮೇಲೆ ನನ್ನ ಮುಖ ನೋಡಿ ಒಬ್ಬಾತ ಎದ್ದು ಕೂರಲು ಜಾಗ ಬಿಟ್ಟ. ಮೌಲಾಲಿ ಬ್ಯಾಟರಿಯ ತಂತಿ ಬಿಚ್ಚತೊಡಗಿದ. ಬರೆದರೆ ಅವನ ನೌಕರಿ ಹೋಗುತ್ತದೆ, ಅದು ನನಗೂ ಗೊತ್ತು. ಬ್ಯಾಟರಿಯನ್ನು ಬಾಗಿಲವರೆಗೆ ಅವನೇ ಹೊತ್ತು ತಂದ.

ನಿಮ್ಮ ಕಾಲದಲ್ಲಿ ಕಿಟಕಿ ತೆರೆದರೆ ಇಪ್ಪತ್ತೈದು ಡಿಗ್ರಿ ತಾನಾಗಿ ಒಳಗೆ ಬರುತ್ತಿದ್ದ ದಿನಗಳಿದ್ದವಂತೆ. ಇದ್ದೀತು. ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ; ತಣ್ಣಗೆ ಕೂತು ಬರೆದಿರಿ, ಅಷ್ಟೆ. ಆ ಸಾಲು ಇನ್ನೂ ಅಚ್ಚಾಗಿರದಿದ್ದರೆ ಹೊಡೆದುಹಾಕಿ. ಗಾಡಿ ಎಲ್ಲಿ ಓಡುತ್ತದೋ ಅಲ್ಲಿ, ಅದು ಓಡುವ ಹೊತ್ತಿನಲ್ಲೇ ಪರೀಕ್ಷೆಯಾಗಲಿ ಎಂದು ಬರೆಯಿರಿ. ಅದಕ್ಕೆ ಹೆಚ್ಚಿನ ಓದು ಬೇಕಿಲ್ಲ, ಒಂದು ಮಧ್ಯಾಹ್ನ ಹೊರಗೆ ನಿಂತರೆ ಸಾಕು.

ತಂಪುಯಂತ್ರಕ್ಕೆ ಹೊಸ ಬ್ಯಾಟರಿ ಇಂದೇ ಬರುತ್ತದಂತೆ. ಕಚೇರಿಯ ಬ್ಯಾಟರಿ ಕೆಟ್ಟರೆ ಪರೀಕ್ಷೆ ಕೇಳುವುದಿಲ್ಲ. ನಾಳೆ ಹತ್ತು ಗಂಟೆಗೆ ನನ್ನ ಸರದಿ. ಕೋಣೆ ತಣ್ಣಗಿರುತ್ತದೆ. ಚಕ್ರ ತಿರುಗುತ್ತದೆ.