ತಿರುವಿಗೊಂದು ತಟ್ಟು

ಒಲ್ಯಾಸ್ತ್ರ ಬೆಟ್ಟ, ಸಾರ್ಡೀನಿಯ
ಜೂನ್ ೧೮

ಮುದ್ದಿನ ದೊನಾತೆಲ್ಲಾ,

ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದಿದ ಮೇಲೆ ಬೇಕಾದರೆ ಬೈ.

ಬೆಟ್ಟ ಹಾಗೇ ಇದೆ, ಕೆಳಗೆ ಸಮುದ್ರವೂ ಹಾಗೇ ಇದೆ. ಹೋಟೆಲಿನ ಬೊನಾರಿಯಾ ಈ ಸಲ ನನಗೆ ಕಡುಬು ಕಟ್ಟುವುದನ್ನು ಕಲಿಸುತ್ತಿದ್ದಾಳೆ. ಒಳಗೆ ಆಲೂಗಡ್ಡೆ, ಕುರಿಹಾಲಿನ ಚೀಸು, ಪುದೀನ. ಅಂಚನ್ನು ಗೋಧಿ ತೆನೆಯ ಹಾಗೆ ಹೆಣೆದು ಮುಚ್ಚಬೇಕು. ನನ್ನವು ಎಸರಿಗೆ ಬಿದ್ದೊಡನೆ ಬಾಯಿ ಬಿಡುತ್ತವೆ. ನಿಮ್ಮಪ್ಪನಿಗಂತೂ ಒಡೆದದ್ದೇ ಇಷ್ಟವಂತೆ. ನನ್ನನ್ನು ಸಮಾಧಾನ ಮಾಡುವ ಉಪಾಯ ಅದು, ಗೊತ್ತು.

"ಮಿರೆಲ್ಲಾಳನ್ನು ಮುಂದಿನ ವಾರ ಕಳಿಸುತ್ತೇನೆ, ಅಜ್ಜ ಬಂದರಿಗೆ ಬಂದು ಕಾರಿನಲ್ಲಿ ಕರೆದುಕೊಂಡು ಹೋಗಲಿ" ಅಂದೆಯಲ್ಲ ನೀನು. ಕೋಣೆ ಚಿಕ್ಕದು ಅಂತ ನಾನು ಹೇಳಿದ್ದು ಸುಳ್ಳು. ಮಗುವನ್ನು ಆ ಕಾರಿನಲ್ಲಿ ಕೂರಿಸಲು ನನಗೆ ಭಯ.

ಇಲ್ಲಿಯ ರಸ್ತೆ ನಿನಗೆ ಗೊತ್ತೇ ಇದೆ. ಪ್ರತಿ ಕುರುಡು ತಿರುವಿಗೂ ಮೊದಲು ಕಿಟಕಿ ಇಳಿಸಿ ಹಾರ್ನ್ ಹೊಡೆದು, ಆ ಕಡೆಯಿಂದ ಉತ್ತರ ಬರುತ್ತದೋ ಎಂದು ಕಾಯಬೇಕು. ಬಂದರೆ ನಿಲ್ಲಬೇಕು. ನಿಮ್ಮಪ್ಪನಿಗೆ ಹೋದ ವರ್ಷದಿಂದ ಆ ಉತ್ತರ ಕೇಳಿಸುವುದಿಲ್ಲ. ಹಾರ್ನ್ ಹೊಡೆಯುತ್ತಾನೆ, ಕಾಯುತ್ತಾನೆ, ಆಮೇಲೆ ಸುಮ್ಮನೆ ಹೊರಡುತ್ತಾನೆ. ಅದಕ್ಕೆ ನಾನು ಅವನ ಮಂಡಿಯ ಮೇಲೆ ಕೈಯಿಟ್ಟು ಕೂರುತ್ತೇನೆ. ಉತ್ತರ ಬಂದರೆ ಒಂದು ತಟ್ಟು. ಈ ತಟ್ಟಿನ ವಿಷಯ ನಾವು ಒಂದು ದಿನವೂ ಮಾತಾಡಿಲ್ಲ. ಕಿವಿಗೆ ಯಂತ್ರ ಹಾಕಿಸಿಕೋ ಅಂದರೆ, ಅದು ಮುದುಕರಿಗೆ ಅನ್ನುತ್ತಾನೆ. ಜೀವಮಾನವಿಡೀ ಪ್ರವಾಸಿ ಬಸ್ಸು ಓಡಿಸಿದವನಿಗೆ ಸ್ಟೇರಿಂಗ್ ಬಿಡು ಎಂದು ಯಾವ ಬಾಯಲ್ಲಿ ಹೇಳಲಿ?

ಮಂಗಳವಾರ ಬೊನಾರಿಯಾ ದಾರಿಗೆಂದು ಒಂದು ತಟ್ಟೆ ಬಿಸಿ ಕಡುಬು ಕೊಟ್ಟಳು. ತಟ್ಟೆ ನನ್ನ ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲೆ. ತಿರುವು ಬಂತು. ಅವನು ಹಾರ್ನ್ ಹೊಡೆದ. ಆ ಕಡೆಯಿಂದ ಲಾರಿಯ ಉತ್ತರ ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಅವನು ಹೊರಟೇಬಿಟ್ಟ.

ನಮ್ಮ ಪುಣ್ಯ, ಕನ್ನಡಿ ಮಾತ್ರ ಹೋಯಿತು. ನನ್ನ ಕಡೆ ಪ್ರಪಾತ, ಒಂದು ಮೊಳ ಜಾಗವೂ ಇರಲಿಲ್ಲ. ಲಾರಿಯವನು ಇಳಿದು ಬಂದು, "ಅಷ್ಟು ಜೋರಾಗಿ ಹೊಡೆದೆನಲ್ಲ, ಕಿವಿ ಮನೇಲಿ ಬಿಟ್ಟು ಬಂದಿದ್ದೀಯೇನಯ್ಯಾ?" ಎಂದು ಕೂಗಾಡಿದ. ನಿಮ್ಮಪ್ಪ ನಗುತ್ತಾ ತಟ್ಟೆ ಮುಂದೆ ಹಿಡಿದು, "ಒಂದು ತಗೊಳ್ಳಿ, ಇನ್ನೂ ಬಿಸಿ ಇದೆ" ಅಂದ. ಆ ಮನುಷ್ಯ ಅವನ ಮುಖ ನೋಡಿದ, ನನ್ನ ಮುಖ ನೋಡಿದ, ಒಂದು ಕಡುಬು ತೆಗೆದುಕೊಂಡು ಹೋದ. ನನಗೆ ಅಳು ತಡೆಯಲಾಗಲಿಲ್ಲ.

ಮಿರೆಲ್ಲಾಳನ್ನು ಕಳಿಸಬೇಡ. ಏನಾದರೂ ನೆಪ ಹೇಳು, ಜ್ವರ ಅನ್ನು. ಅಪ್ಪನಿಗೆ ನಿಜ ಗೊತ್ತಾಗುವುದು ಬೇಡ.

ನಿನ್ನ ಅಮ್ಮ,
ಎರ್ಸೀಲಿಯಾ

ತಾ.ಕ.: ಮಗಳೇ, ಇದು ಅಪ್ಪ. ಅಂಚೆಗೆ ಹಾಕು ಎಂದು ಕಾಗದ ನನ್ನ ಕೈಗೆ ಕೊಟ್ಟು ನಿಮ್ಮಮ್ಮ ಕಡುಬು ಕಟ್ಟಲು ಹೋಗಿದ್ದಾಳೆ. ಲಕೋಟೆ ಅಂಟಿಸಿರಲಿಲ್ಲ, ಓದಿದೆ. ಅವಳ ಕೈ ಯಾಕೆ ನನ್ನ ಮಂಡಿಯ ಮೇಲಿರುತ್ತದೆ ಎಂದು ಮೊದಲ ದಿನದಿಂದಲೂ ನನಗೆ ಗೊತ್ತು. ಮಂಗಳವಾರ ತಟ್ಟೆಯನ್ನು ಅವಳ ಮಡಿಲಲ್ಲಿಟ್ಟವನು ನಾನೇ. ಹಿಂದಿನ ಸೀಟು ಖಾಲಿಯೇ ಇತ್ತು. ಆ ಕೈ ಇಲ್ಲದೆ ಓಡಿಸಬಲ್ಲೆನೇ ನೋಡಬೇಕಿತ್ತು. ನೋಡಿದೆ. ಪ್ರಪಾತದ ಕಡೆ ಕೂತಿದ್ದವಳು ಅವಳು. ಕಾರಿನ ಕೀ ಬೊನಾರಿಯಾಳ ಕೈಗೆ ಕೊಟ್ಟಿದ್ದೇನೆ. ಮಗುವನ್ನು ಹಡಗು ಹತ್ತಿಸು, ನಾನು ಬಸ್ಸಿನಲ್ಲಿ ಬಂದರಿಗೆ ಬರುತ್ತೇನೆ. ತಟ್ಟೆಯ ವಿಷಯ ಅಮ್ಮನಿಗೆ ಮಾತ್ರ ಹೇಳಬೇಡ.