ಪೂಜೆಯಾದ ಕಾರಿನ ಶಾಫ್ಟ್ ಬಿಚ್ಚಬಾರದೆಂದ ಅಧ್ಯಕ್ಷರಿಗೆ

ಸ್ಟರ್ಲಿಂಗ್, ವರ್ಜೀನಿಯಾ
ಸೆಪ್ಟೆಂಬರ್ 24, 1977

ಮಾನ್ಯ ಅಧ್ಯಕ್ಷರೇ,

ನೀವು ಸುಶೀಲಾ ಅವರಿಗೆ ಕೊಟ್ಟ ಮಾತುಗಳು ಮೂರು. ಅವರ ಕಾರನ್ನು ಸೋಮವಾರ ಸಂಜೆಯೊಳಗೆ, ಒಯ್ದ ಹಾಗೆಯೇ, ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತೇವೆ ಎಂದಿರಿ. ಅದನ್ನು ಚಕ್ರದ ಮೇಲಿನ ಮನೆಯಂತಿರುವ ನಿಮ್ಮ ಮೋಟರ್‌ಹೋಮಿನ ಹಿಂದೆ ಕಟ್ಟುವುದು ಹೇಗೆಂದು ಬಲ್ಲವರನ್ನು ಕೇಳಿ ತೀರ್ಮಾನಿಸುತ್ತೇವೆ ಎಂದಿರಿ. ಏನಾದರೂ ಆದರೆ ಕನ್ನಡ ಸಂಘದ ಹೊಣೆ ಎಂದಿರಿ. ಕಾರು ಬರಲಿಲ್ಲ. ಬಲ್ಲವರನ್ನು ಕೇಳಲಿಲ್ಲ. ಹೊಣೆ ಸುಶೀಲಾ ಅವರದೇ ಎಂದು ನಿಮ್ಮ ವರದಿ ಹೇಳುತ್ತದೆ. ಆ ವರದಿಗೆ ಉತ್ತರ ಬರೆದು ಸಂಘದ ಪತ್ರಿಕೆಯ ಸಂಚಿಕೆಗೆ ಕಳಿಸಿದೆ. ಜಾಗವಿಲ್ಲ ಎಂದಿರಿ. ಅದೇ ಸಂಚಿಕೆಯಲ್ಲಿ ನಿಮ್ಮ ಮೋಟರ್‌ಹೋಮಿನ ಚಿತ್ರಕ್ಕೆ ಎರಡು ಪುಟ ಜಾಗವಿತ್ತು. ಆದ್ದರಿಂದ ಇದನ್ನು ಕೈಯಲ್ಲಿ ಬರೆದು, ಪ್ರತಿ ಮಾಡಿಸಿ, ಸಂಘದ ಎಪ್ಪತ್ತೆರಡು ಮನೆಗಳಿಗೂ ಅಂಚೆಯಲ್ಲಿ ಹಾಕಿದ್ದೇನೆ. ಭಾರತದಲ್ಲಿ ತುರ್ತು ಪರಿಸ್ಥಿತಿಯೂ ಪತ್ರಿಕೆಗಳ ಸೆನ್ಸಾರೂ ಮುಗಿದು ಆರು ತಿಂಗಳಾಯಿತು. ಸುದ್ದಿ ನಿಮ್ಮ ಸಂಪಾದಕ ಮಂಡಳಿಗೆ ತಲುಪಿಲ್ಲವೆಂದು ಕಾಣುತ್ತದೆ.

ನನ್ನನ್ನು ಮರೆತಿರಬಹುದು, ನೆನಪಿಸುತ್ತೇನೆ. ನಾನು ಮೈಸೂರಿನ ಬಸ್ ಡಿಪೋದಲ್ಲಿ ಹದಿನಾಲ್ಕು ವರ್ಷ ಮೆಕ್ಯಾನಿಕ್, ಅದರಲ್ಲಿ ಆರು ವರ್ಷ ಯೂನಿಯನ್ನಿನ ಕಾರ್ಯದರ್ಶಿ. ನನ್ನ ಹೆಂಡತಿ ನಳಿನಿ ನರ್ಸಾಗಿ ಈ ದೇಶಕ್ಕೆ ಬಂದಳು, ನಾನು ಅವಳ ಬೆನ್ನಿಗೆ ಬಂದೆ. ಈಗ ಇಲ್ಲೊಂದು ಗ್ಯಾರೇಜಿನಲ್ಲಿ ಕೆಲಸ. ಸಂಘದಲ್ಲಿ ನನ್ನದು ಸಹಸದಸ್ಯತ್ವ, ಏಕೆಂದರೆ ನನ್ನ ಹೆಸರಿನ ಮುಂದೆ ಡಾಕ್ಟರ್ ಇಲ್ಲ, ಹಿಂದೆಯೂ ಯಾವ ಅಕ್ಷರ ಇಲ್ಲ. ಸಹಸದಸ್ಯ ಕುರ್ಚಿ ಜೋಡಿಸಬಹುದು, ಮಡಿಸಿಡಬಹುದು. ಕೈ ಎತ್ತುವಂತಿಲ್ಲ.

ಜುಲೈ ತಿಂಗಳಲ್ಲಿ, ಸಂಘದ ಊಟದ ದಿನ, ರೆಸ್ಟನ್ನಿನ ನಿಮ್ಮ ಮನೆಯ ನೆಲಮಾಳಿಗೆಯಲ್ಲಿ 'ತಾಂತ್ರಿಕ ಉಪಸಮಿತಿ' ಸೇರಿತು. ಈ ದೇಶದಲ್ಲಿ ಸೆಪ್ಟೆಂಬರಿನಲ್ಲಿ ಬರುವ ಕಾರ್ಮಿಕರ ದಿನದ ರಜೆಯಲ್ಲಿ ಮೋಟರ್‌ಹೋಮ್ ಹೊರಟು, ಎರಡೂ ಕ್ಯಾರೊಲಿನಾಗಳ ಚಿಕ್ಕ ಊರುಗಳಲ್ಲಿ ಒಂಟಿಯಾಗಿರುವ ಕನ್ನಡ ಕುಟುಂಬಗಳನ್ನು ಕಂಡು, ಅಟ್ಲಾಂಟದಲ್ಲಿ ಸಭೆ ಮಾಡಿ ಮರಳುವುದು ಯೋಜನೆ. ಯೋಜನೆಗೆ ನನ್ನ ಆಕ್ಷೇಪವಿಲ್ಲ. ಆ ದೈತ್ಯ ಗಾಡಿ ಮನೆಗಳ ಓಣಿಯೊಳಗೆ ತಿರುಗದು, ಹಿಂದೆ ಒಂದು ಕಾರು ಬೇಕು, ಅದೂ ಸರಿ. ಯಾರ ಕಾರು? ಸಮಿತಿಯ ಐವರಿಗೆ ಒಟ್ಟು ಹನ್ನೊಂದು ಕಾರುಗಳಿವೆ. ಆರಿಸಿದ್ದು ಸುಶೀಲಾ ಅವರದನ್ನು. ಚಿಕ್ಕದು, ಹಗುರ, ಹಳೆಯದು ಎಂದಿರಿ. ನಾಲ್ಕನೆಯ ಕಾರಣವನ್ನು ಯಾರೂ ಹೇಳಲಿಲ್ಲ: ಆಕೆ ಒಬ್ಬಂಟಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವರು, ದೊಡ್ಡವರು ಕೇಳಿದರೆ ಇಲ್ಲ ಎನ್ನಲು ಬಾರದವರು.

ನಳಿನಿಯ ಜತೆ ಹುಳಿ ಪಾತ್ರೆ ಇಳಿಸಲು ಬಂದಿದ್ದ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಡಾ. ಪದ್ಮನಾಭ ಅವರು ಕರಿಹಲಗೆಯ ತುಂಬ ಗಾಳಿಯ ತಡೆಯ ಲೆಕ್ಕ ಬರೆದಿದ್ದರು. ಭೌತಶಾಸ್ತ್ರಜ್ಞರು, ಲೆಕ್ಕ ಸರಿಯೇ ಇದ್ದೀತು. ಆದರೆ ಆ ಹಲಗೆಯ ಮೇಲೆ ಗೇರ್‌ಬಾಕ್ಸ್ ಎಂಬ ವಸ್ತು ಎಲ್ಲಿಯೂ ಇರಲಿಲ್ಲ. ಮಾತಾಡಬಹುದೇ ಎಂದು ಕೇಳಿ, ನಾನು ಮೂರು ದಾರಿ ಹೇಳಿದೆ. ಇಡೀ ಕಾರನ್ನು ಟ್ರೈಲರಿನ ಮೇಲೆ ಹತ್ತಿಸಿ ಒಯ್ಯಿರಿ, ಇದು ಎಲ್ಲಕ್ಕಿಂತ ಸುರಕ್ಷಿತ. ಇಲ್ಲವೇ ಹಿಂದಿನ ಎರಡು ಚಕ್ರವನ್ನು ಎರಡು ಗಾಲಿಯ ಚಿಕ್ಕ ಗಾಡಿಯ ಮೇಲೆ ಎತ್ತಿ, ಸ್ಟಿಯರಿಂಗ್ ಬಿಗಿದು ಕಟ್ಟಿ ಎಳೆಯಿರಿ. ಎರಡೂ ಬೇಡವೆಂದರೆ ಮುಂದಿನ ಬಂಪರಿಗೆ ಟೋ ಬಾರ್, ಅಂದರೆ ಎಳೆಯುವ ಕಬ್ಬಿಣದ ಕಂಬಿ, ಹಾಕಿ, ನಾಲ್ಕೂ ಚಕ್ರ ರಸ್ತೆಯ ಮೇಲೆಯೇ ಓಡಲಿ. ಆದರೆ ಇದು ಆಟೊಮ್ಯಾಟಿಕ್ ಕಾರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ತುದಿಯನ್ನು ಬಿಚ್ಚಿ, ತಂತಿಯಲ್ಲಿ ಎತ್ತಿ ಕಟ್ಟಲೇಬೇಕು. ಇಲ್ಲವಾದರೆ ಚಕ್ರದ ಜತೆ ಗೇರ್‌ಬಾಕ್ಸಿನ ಒಳಭಾಗವೂ ತಿರುಗುತ್ತದೆ, ಎಂಜಿನ್ ನಿಂತಿರುವುದರಿಂದ ಅದಕ್ಕೆ ಎಣ್ಣೆ ಹಾಯಿಸುವ ಪಂಪು ಓಡುವುದಿಲ್ಲ, ಒಣಗಿ ಸುಡುತ್ತದೆ. ನಾಲ್ಕು ನಟ್ಟು, ಇಪ್ಪತ್ತು ನಿಮಿಷದ ಕೆಲಸ, ನಾನೇ ಮಾಡಿಕೊಡುತ್ತೇನೆ ಎಂದೆ.

ಟ್ರೈಲರ್ ಬೇಡ ಎಂದಿರಿ, ಫೋಟೋದಲ್ಲಿ ಮೋಟರ್‌ಹೋಮ್ ಲಾರಿಯ ಹಾಗೆ ಕಾಣುತ್ತದಂತೆ. ಚಿಕ್ಕ ಗಾಡಿ ಬೇಡ ಎಂದಿರಿ, ಕಾರು ಹಿಂಭಾಗ ಎತ್ತಿಕೊಂಡು ಬರುವುದು ಸಭ್ಯವಲ್ಲವಂತೆ. ಟೋ ಬಾರ್ ಆಯಿತು. ಶಾಫ್ಟಿನ ಮಾತು ಬಂದಾಗ ನೀವು ನಕ್ಕಿರಿ.

"ಅಲ್ಲ ಚೆಲುವಯ್ಯ, ನ್ಯೂಟ್ರಲ್‌ಗೆ ಹಾಕಿದ್ಮೇಲೆ ಇನ್ನೇನ್ರೀ? ಅನಸ್ತೇಶಿಯಾ ಕೊಟ್ಟ ಪೇಷೆಂಟ್ ಇದ್ದ ಹಾಗೆ. ಎಳ್ಕೊಂಡು ಹೋಗಿ, ಗೊತ್ತೇ ಆಗಲ್ಲ ಅದಕ್ಕೆ."

"ಡಾಕ್ಟ್ರೇ, ಒಳಗೆ ಪಂಪ್ ಓಡಲ್ಲ," ಎಂದೆ.

"ನೀವೂ ನಳಿನಿಯವರ ಹಿಂದೆ ಟೋ ಮಾಡಿಸ್ಕೊಂಡೇ ಬಂದೋರಲ್ವೇ? ನಿಮ್ಮ ಶಾಫ್ಟ್ ಬಿಚ್ಚಿದ್ರೇನು?"

ಎಲ್ಲರೂ ನಕ್ಕರು. ಐದು ಕೈ ಮೇಲೆದ್ದವು, ನಿರ್ಣಯ ಸರ್ವಾನುಮತ. ನಳಿನಿ ಮಾತ್ರ ನಗಲಿಲ್ಲ. ಹುಳಿಯನ್ನು ಎಂಬತ್ತು ಜನಕ್ಕೆ ಆಗುವಷ್ಟು ಮಾಡಿದ್ದಳು, ಬಡಿಸಿದಳು.

ಸ್ವಾಮಿ, ಒಂದು ವೃತ್ತಿಪರ ಪ್ರಶ್ನೆ. ನೀವು ಅರಿವಳಿಕೆ ತಜ್ಞರು. ಮದ್ದು ಕೊಟ್ಟು ಮಲಗಿಸಿದ ರೋಗಿಗೆ ಉಸಿರಿನ ಯಂತ್ರ ಹಚ್ಚುವುದಿಲ್ಲವೇ? ಪ್ರಜ್ಞೆ ಹೇಗೂ ಇಲ್ಲ, ಗೊತ್ತೇ ಆಗುವುದಿಲ್ಲ ಎಂದು ಹಾಗೇ ಬಿಟ್ಟು ಕಾಫಿಗೆ ಹೋಗುತ್ತೀರೇ? ಮಲಗಿರುವ ದೇಹಕ್ಕೂ ಒಳಗೆ ಏನೋ ಓಡುತ್ತಿರಬೇಕು ಎಂಬುದನ್ನು ಇಪ್ಪತ್ತು ವರ್ಷ ಓದಿ, ದಿನಕ್ಕೆ ನಾಲ್ಕು ಬಾರಿ ಕಣ್ಣಾರೆ ನೋಡುವವರು ನೀವು. ನಿಮ್ಮ ಹೋಲಿಕೆಯಲ್ಲಿಯೇ ನನ್ನ ವಾದ ಇತ್ತು. ಅದನ್ನು ಒಬ್ಬ ಡಾಕ್ಟರು ಹೇಳಿದ್ದರೆ ನಿಮಗೆ ಥಟ್ಟನೆ ಹೊಳೆಯುತ್ತಿತ್ತು. ಹೇಳಿದ್ದು ಗ್ರೀಸಿನ ಕೈ.

ಹೊರಡುವ ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಜ್ಯಾಕು, ಸ್ಪ್ಯಾನರು ಹಿಡಿದು ಬಂದೆ. ಅವಮಾನವನ್ನು ಮನೆಯಲ್ಲಿಟ್ಟು ಬಂದೆ, ಏಕೆಂದರೆ ಕಾರು ನಿಮ್ಮದಲ್ಲ, ಸುಶೀಲಾ ಅವರದು. ಅಷ್ಟರಲ್ಲಿ ಪೂಜೆ ಮುಗಿದಿತ್ತು. ಮೋಟರ್‌ಹೋಮಿಗೂ ಕಾರಿಗೂ ಹೂವಿನ ಹಾರ, ಟೋ ಬಾರಿಗೆ ಅರಿಶಿನ ಕುಂಕುಮ, ಅದರ ಆರು, ಇದರ ನಾಲ್ಕು, ಒಟ್ಟು ಹತ್ತು ಚಕ್ರಕ್ಕೆ ಹತ್ತು ನಿಂಬೆಹಣ್ಣು. ನಾನು ಕಾರಿನ ಅಡಿಗೆ ನುಸುಳಲು ಮಂಡಿಯೂರಿದಾಗ ನೀವು ಓಡಿ ಬಂದಿರಿ.

"ಏನ್ರೀ ಮಾಡ್ತಿದೀರಿ? ಪೂಜೆ ಆಗಿದೆ. ಪೂಜೆ ಆದ್ಮೇಲೆ ಒಂದು ಭಾಗ ಬಿಚ್ಚಿದ್ರೆ ಭಿನ್ನ ಆಗತ್ತೆ. ಅಷ್ಟೂ ಗೊತ್ತಾಗಲ್ವಾ?"

"ಇಪ್ಪತ್ ನಿಮಿಷ ಕೊಡಿ ಸಾರ್. ಬೇಕಿದ್ರೆ ಇನ್ನೊಂದ್ ಸಲ ಪೂಜೆ ಮಾಡಿ, ಕಾಯಿ ನಾನು ತಂದ್ಕೊಡ್ತೀನಿ."

"ನೀವು ಮುಟ್ಟೋದು ಬೇಡ ಬಿಡಿ."

ಮುಟ್ಟೋದು ಬೇಡ. ಹಿಂದಿನ ಸಂಜೆ ಎರಡೂ ಗಾಡಿಗಳನ್ನು ತೊಳೆಯಲು ಈ ಕೈ ಬೇಕಿತ್ತು. ಹೆವಿ ಡ್ಯೂಟಿ ಕೊಂಡಿ ಬಿಗಿಯಲು, ಸರಪಳಿ ಹಾಕಲು, ಹಿಂದಿನ ದೀಪದ ವೈರು ಎಳೆಯಲು ಈ ಕೈ ಬೇಕಿತ್ತು. ಕುಂಕುಮ ಬಿದ್ದ ಮೇಲೆ ಬೇಡವಾಯಿತು. ಈ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮೂರ ಬಾವಿಯ ಬಳಿ. ಅದು ಸಮುದ್ರ ದಾಟಿ, ಡಲಸ್ ವಿಮಾನ ನಿಲ್ದಾಣದಲ್ಲಿ ಇಳಿದು, ಪೌರತ್ವ ಪಡೆದು ರೆಸ್ಟನ್ನಿನಲ್ಲಿ ಮನೆ ಕೊಂಡಿದೆಯೆಂದು ಗೊತ್ತಿರಲಿಲ್ಲ. ಭಿನ್ನವಾಗಬಾರದೆಂದು ಕಾಪಾಡಿದಿರಲ್ಲ, ಈಗ ಆ ಗೇರ್‌ಬಾಕ್ಸನ್ನು ಬಿಚ್ಚಿ ನೋಡಿ. ಅದರಲ್ಲಿ ಭಿನ್ನವಾಗದೆ ಉಳಿದ ಒಂದು ಹಲ್ಲು ತೋರಿಸಿದರೆ ನಾನು ಜೀವಮಾನವಿಡೀ ನಿಮ್ಮ ಕುರ್ಚಿ ಮಡಿಸುತ್ತೇನೆ.

ಮುಂದಿನದನ್ನು ಸುಶೀಲಾ ಹೇಳಿದ ಹಾಗೆಯೇ ಬರೆಯುತ್ತೇನೆ. ಅವರನ್ನು ಮೋಟರ್‌ಹೋಮಿನ ತೀರ ಹಿಂದಿನ ಬೆಂಚಿನಲ್ಲಿ, ಪಾತ್ರೆಗಳ ಪಕ್ಕ ಕೂರಿಸಿದ್ದಿರಿ. ನಾರ್ತ್ ಕ್ಯಾರೊಲಿನಾ ಗಡಿ ದಾಟಿದ ಒಂದೂವರೆ ಗಂಟೆಯ ಮೇಲೆ ಹಿಂದಿನ ಕಿಟಕಿಯಲ್ಲಿ ತಮ್ಮ ಕಾರಿನ ಅಡಿಯಿಂದ ಹೊಗೆ ಕಂಡರು. "ಸಾರ್, ಹಿಂದೆ ಹೊಗೆ ಬರ್ತಿದೆ," ಎಂದರು. ಮುಂದೆ ಅಂತ್ಯಾಕ್ಷರಿ ನಡೆದಿತ್ತು. "ಧೂಳು ಬಿಡಮ್ಮ, ನಿಂಗೆ 'ಮ' ಬಂದಿದೆ, ಹಾಡು," ಎಂದು ಯಾರೋ ಅಂದರು. ಆಕೆ ಹಾಡಿದರು. ಅಧ್ಯಕ್ಷರೇ, ತನ್ನ ಕಾರು ಕಣ್ಣೆದುರು ಸುಡುತ್ತಿರುವಾಗ ಆ ಹೆಣ್ಣುಮಗಳು ನಿಮ್ಮ ಮನರಂಜನೆಗೆ ಹಾಡಿದರು. ಇನ್ನೂ ನಲವತ್ತು ಮೈಲಿ ನೀವು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಮೋಟರ್‌ಹೋಮಿಗೆ ಪೆಟ್ರೋಲ್ ಬೇಕಾದಾಗ. ಬಂಕಿನ ಹಿಂದೆ ಕಾರನ್ನು ಹಾರದ ಸಮೇತ ಬಿಟ್ಟು ಮುಂದೆ ನಡೆದಿರಿ. ಅಟ್ಲಾಂಟದ ವೇದಿಕೆಯಲ್ಲಿ ನಿಮಗೆ ಹೂಗುಚ್ಛ ಕೊಡಲು ಅವರನ್ನೇ ಕರೆದಿರಿ. ಇದನ್ನು ಯೋಚಿಸಿ ಮಾಡಿದ್ದೋ, ಸಹಜವಾಗಿಯೇ ಬಂತೋ?

ಈಗ ನಿಮ್ಮ ವರದಿ. 'ಟೋ ವಿಧಾನದ ಆಯ್ಕೆ ವೈಜ್ಞಾನಿಕವಾಗಿತ್ತು. ಮಾಲಕಿಯು ಗೇರನ್ನು ಪಾರ್ಕಿನಲ್ಲಿಯೇ ಬಿಟ್ಟಿದ್ದರಿಂದ ಹಾನಿ ಸಂಭವಿಸಿತು.' ಪಾರ್ಕಿನಲ್ಲಿ, ಅಂದರೆ ಚಕ್ರವನ್ನು ಬಿಗಿದು ಹಿಡಿಯುವ ಗೇರಿನಲ್ಲಿ, ಬಿಟ್ಟಿದ್ದರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ, ರಸ್ತೆಗೆ ಉಜ್ಜಿಕೊಂಡು ಹತ್ತು ಮೈಲಿಯೊಳಗೆ ಟೈರು ಹರಿದುಹೋಗುತ್ತದೆ. ಕಳೆದ ಭಾನುವಾರ ನಾನು ಆ ಬಂಕಿಗೆ ಹೋಗಿ ನೋಡಿ ಬಂದೆ. ಟೈರುಗಳು ಹೊಸದರ ಹಾಗಿವೆ. ಇದಕ್ಕೆ ಭೌತಶಾಸ್ತ್ರ ಬೇಡ, ಕಣ್ಣು ಸಾಕು. ಇನ್ನು ಗೇರು ಬದಲಿಸಿ ನ್ಯೂಟ್ರಲಿಗೆ ಹಾಕಿದವರು ಯಾರು? ನಿಮ್ಮದೇ ಸಂಚಿಕೆಯ ಮೂರನೆಯ ಪುಟ ತೆಗೆಯಿರಿ. ಪೂಜೆಯಾದ ಮೇಲಿನ ಫೋಟೋ, ತೆಗೆದವಳು ನನ್ನ ಜತೆ ಬಂದಿದ್ದ ನಳಿನಿ. ಕಾರಿನ ಡ್ರೈವರ್ ಸೀಟಿನಲ್ಲಿ ಹಣೆಗೆ ಕುಂಕುಮವಿಟ್ಟು, ಗೇರಿನ ಮೇಲೆ ಕೈಯಿಟ್ಟು ಹಲ್ಲು ಬಿಡುತ್ತಿರುವ ಮಹನೀಯರು ಸುಶೀಲಾ ಅಲ್ಲ. ಸುಳ್ಳು ಬರೆಯುವವರು ಚಿತ್ರವನ್ನಾದರೂ ಆರಿಸಿ ಹಾಕಬೇಕು. ನೀವು ಚೆನ್ನಾಗಿ ಬಂದಿದ್ದೀರಿ ಎಂದು ಹಾಕಿದಿರಿ.

ಸುಶೀಲಾ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದೆ. ನವೆಂಬರ್ ಕೊನೆಯವರೆಗೆ ಪರೀಕ್ಷಾವಧಿ. ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಅರ್ಜಿ ಇದೇ ಕೆಲಸಕ್ಕೆ ಕಟ್ಟಿಕೊಂಡಿದೆ, ಕೆಲಸ ಹೋದರೆ ಅದೂ ಹೋಯಿತು. ಬೆಳಿಗ್ಗೆ ಆರೂವರೆಗೆ ಮೂವತ್ತು ಮೈಲಿ ದೂರದ ಲ್ಯಾಬಿನಲ್ಲಿರಬೇಕು, ಆ ದಾರಿಗೆ ಬಸ್ಸಿಲ್ಲ. ಮೂರು ಸಲ ತಡವಾದರೆ ಮನೆಗೆ. ರಜೆಯ ಮರುದಿನ, ಕಾರಿಲ್ಲದೆ, ಒಂಬತ್ತಕ್ಕೆ ಮುಟ್ಟಿದರು, ಮೊದಲ ಎಚ್ಚರಿಕೆ ಪತ್ರ. ಆಮೇಲೆ ನಾನು ಕರೆದೊಯ್ಯುತ್ತಿದ್ದೇನೆ. ಒಂದು ದಿನ ನಾನು ಏಳುವುದು ತಡವಾಯಿತು, ಎರಡನೆಯ ಪತ್ರ. ಆ ತಪ್ಪು ನನ್ನದು, ಪೂರ್ತಿ ನನ್ನದು. ತಪ್ಪನ್ನು ಒಪ್ಪಿಕೊಳ್ಳುವ ವಾಕ್ಯ ಹೇಗಿರುತ್ತದೆ ಎಂಬುದಕ್ಕೆ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅಕ್ಟೋಬರ್ ಮೂರರಿಂದ ಗ್ಯಾರೇಜು ನನ್ನನ್ನು ಬೆಳಗಿನ ಐದರ ಪಾಳಿಗೆ ಹಾಕಿದೆ. ನಳಿನಿಗೆ ಡ್ರೈವಿಂಗ್ ಬಾರದು. ಇನ್ನು ನಮ್ಮ ಕೈಯಲ್ಲಿಲ್ಲ.

ನಿಮ್ಮ ಕೈಯಲ್ಲಿದೆ. ನೀವು ದಿನಾ ಬೆಳಿಗ್ಗೆ ಐದೂ ಮುಕ್ಕಾಲಕ್ಕೆ, ಆರು ಜನ ಕೂರುವ ಕಾರಿನಲ್ಲಿ ಒಬ್ಬರೇ, ಸುಶೀಲಾ ಅವರ ಓಣಿಯ ಬಾಯಿಯನ್ನು ದಾಟಿ ಹೋಗುತ್ತೀರಿ. ನಿಮ್ಮ ಆಸ್ಪತ್ರೆಗೂ ಅವರದಕ್ಕೂ ನಡುವೆ ಇರುವುದು ಎರಡು ಸಿಗ್ನಲ್. ಮೂರು ವಾರದಲ್ಲಿ ಒಮ್ಮೆಯೂ ನಿಮ್ಮ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಆರುನೂರು ಮೈಲಿ ಪ್ರಯಾಣ ಮಾಡಿ ಒಂಟಿ ಕನ್ನಡಿಗರನ್ನು ಹುಡುಕಿದ ಮಹಾನುಭಾವರೇ, ಹತ್ತು ನಿಮಿಷದ ದೂರದಲ್ಲಿ ಒಬ್ಬರಿದ್ದಾರೆ.

ಹಣ ಕೇಳುತ್ತಿಲ್ಲ. ಎರಡೇ ಕೆಲಸ ಮಾಡಿ. ವರದಿಯಿಂದ ಆ ವಾಕ್ಯ ತೆಗೆದು, ಗೇರು ಬದಲಿಸಿದವರು, ಶಾಫ್ಟ್ ಬಿಚ್ಚಬೇಡವೆಂದವರು ಅಧ್ಯಕ್ಷರು ಎಂದು ಬರೆಸಿ, ಸುಶೀಲಾ ಅವರ ಎದುರಿಗೆ ಓದಿ. ಮತ್ತು ನವೆಂಬರ್ ಮುಗಿಯುವ ತನಕ ಸಮಿತಿಯ ಐವರೂ ಸರದಿಯಂತೆ ಅವರನ್ನು ಕೆಲಸಕ್ಕೆ ಬಿಟ್ಟು ಬನ್ನಿ. ಮೊದಲ ದಿನ ನಿಮ್ಮದು. ಆಗದು ಎನ್ನುವುದಾದರೆ ಕೈ ಎತ್ತಿ ಹೇಳಿ, ನಿಮಗೆ ಮತವಿದೆಯಲ್ಲ. ಯಾರ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ಎಪ್ಪತ್ತೆರಡು ಮನೆಯವರೂ ನೋಡಲಿ.

ಮಹಾಸಭೆ ಅಕ್ಟೋಬರ್ ಎರಡು, ಭಾನುವಾರ, ಮಧ್ಯಾಹ್ನ ಮೂರಕ್ಕೆ. ಗಾಂಧಿ ಜಯಂತಿಯೂ ಅಂದೇ, ಸತ್ಯದ ಬಗ್ಗೆ ನಿಮ್ಮ ಭಾಷಣವಿದೆಯಂತೆ. ಕುರ್ಚಿ ಜೋಡಿಸಲು ನಾನು ಎರಡೂವರೆಗೇ ಬಂದಿರುತ್ತೇನೆ. ಸುಶೀಲಾ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಇಂತಿ,
ಮತವಿಲ್ಲದ, ಮುಟ್ಟಬಾರದ, ಸ್ಪ್ಯಾನರು ಮಾತ್ರ ಇರುವ ಸಹಸದಸ್ಯ
ಚೆಲುವಯ್ಯ

ಮರೆಯಬಾರದೆಂದು: ಮರುದಿನ, ಅಕ್ಟೋಬರ್ ಮೂರು, ಸೋಮವಾರ, ಬೆಳಿಗ್ಗೆ ಐದೂ ಮುಕ್ಕಾಲು. ಆಕೆ ಓಣಿಯ ಬಾಯಲ್ಲಿ ನಿಂತಿರುತ್ತಾರೆ.